ಯಾರೂ ಮುಟ್ಟಬಾರದು, ಅತ್ತೆಯೂ ಸೇರಿ

ಮಂಗಳವಾರ, ಬೆಳಿಗ್ಗೆ
ಕಾರ್ಖಾನೆಯ ಮೇಜಿನಿಂದ

ಸೊಸೆಗೆ,

ಆಶೀರ್ವಾದ. ಅದನ್ನೂ ತಡೆಹಿಡಿಯುವಷ್ಟು ಕೋಪ ನನಗಿಲ್ಲ. ಉಳಿದದ್ದಕ್ಕೆಲ್ಲ ಇದೆ.

ಇದು ಫೋನ್ ಅಲ್ಲ, ಕಾಗದ. ಅಷ್ಟನ್ನು ಮೊದಲು ಗಮನಿಸು. ನೀನು ಬ್ಯಾಗು ಹೆಗಲಿಗೇರಿಸಿ ಮೆಟ್ಟಿಲಿಳಿದ ದಿನ, ನಾನಾಗಿ ಅವಳಿಗೆ ಫೋನ್ ಮಾಡಿದರೆ ನನ್ನ ಹೆಸರು ಬದಲಿಸಿ ಅಂತ ಹೊಲಿಗೆಯವರ ಎದುರಿಗೇ ಅಂದಿದ್ದೆ. ಆಡಿದ ಮಾತಿಗೆ ತಪ್ಪುವ ವಯಸ್ಸು ನನ್ನದಲ್ಲ. ಕಾಗದದ ಬಗ್ಗೆ ಅವತ್ತು ನಾನು ಏನೂ ಅಂದಿರಲಿಲ್ಲ.

ಇದನ್ನು ಮೀಸೆ ತರುತ್ತಾನೆ. ಚರ್ಮ ಕತ್ತರಿಸುತ್ತಿದ್ದವನ ಕೈಯಿಂದ ರಂಪಿಗೆ ಕಸಿದುಕೊಂಡು ಬಸ್ಸು ಹತ್ತಿಸಿದ್ದೇನೆ. ಅಂದಮೇಲೆ ವಿಷಯ ಸಣ್ಣದಲ್ಲ ಎಂದು ನಿನಗೆ ಅರ್ಥವಾಗಬೇಕು.

ನಾಳೆ ಬೆಳಿಗ್ಗೆ ನಮ್ಮ ಬೀದಿಯ ಹಳೆಯ ತಂತಿಗಳನ್ನೆಲ್ಲ ಬದಲಿಸುತ್ತಾರಂತೆ. ಕತ್ತಲಾಗುವವರೆಗೂ ಕರೆಂಟ್ ಇರುವುದಿಲ್ಲ. ಕಂಪ್ಯೂಟರಿನ ಕೆಳಗಿರುವ ಬ್ಯಾಟರಿ ಅರ್ಧ ಗಂಟೆ ತಾಳಿದರೆ ಹೆಚ್ಚು. ಬಾಡಿಗೆಗೆ ಜನರೇಟರ್ ಕೇಳಿಸಿದೆ. ಬೀದಿಯವರೆಲ್ಲ ನನಗಿಂತ ಮೊದಲೇ ಹೋಗಿ ಹಿಡಿದಿಟ್ಟುಕೊಂಡಿದ್ದಾರೆ. ಐಸ್‌ಕ್ರೀಮ್ ಅಂಗಡಿಯವನಿಗೆ ಎರಡು ಬೇಕಿತ್ತಂತೆ. ಅವನದು ಕರಗಿದರೆ ಮತ್ತೆ ಮಾಡಿಕೊಳ್ಳಬಹುದು. ನಮ್ಮದು ಕರಗಿದರೆ?

ನಮ್ಮದು ಎಲ್ಲಿದೆ ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾವು ಬೂಟು ಹೊಲಿದುಕೊಡುವ ಮುನ್ನೂರು ಚಿಲ್ಲರೆ ಜನರ ಕಾಲಿನ ಅಚ್ಚುಗಳು ನಿನ್ನ ಆ ಕಂಟೇನರಿನೊಳಗೆ ಕೂತಿವೆ. ನೀನು ವಿವರಿಸಿದ್ದು ನನಗೆ ನೆನಪಿದೆ. ಕಂಪ್ಯೂಟರಿನೊಳಗೆ ಇನ್ನೊಂದು ಪುಟ್ಟ ಪೆಟ್ಟಿಗೆ, ಅದಕ್ಕೆ ಅದರದೇ ಗೋಡೆ, ಅದರದೇ ಕಪಾಟು. ಅಚ್ಚು ತೋರಿಸುವ ಪ್ರೋಗ್ರಾಮಿನ ವಾಸ ಅದರೊಳಗೆ. ಇಷ್ಟು ದೊಡ್ಡ ಕಂಪ್ಯೂಟರ್ ಇರುವಾಗ ಅದರೊಳಗೊಂದು ಪೆಟ್ಟಿಗೆ ಯಾಕೆ ಅಂತ ಆಗಲೇ ಕೇಳಿದ್ದೆ. ಅದಕ್ಕೆ ನೀನು, ಸದ್ಯಕ್ಕೆ ಪರೀಕ್ಷೆಗೆ ಅಂತ ಹಾಗೇ ಓಡಿಸಿದ್ದೀನಿ ಅತ್ತೆ, ನಿಂತರೆ ಒಳಗಿರೋದೆಲ್ಲ ಅಳಿಸಿಹೋಗುತ್ತೆ, ಮುಂದಿನ ವಾರ ಸರಿಯಾಗಿ ಕಟ್ಟಿಬಿಡ್ತೀನಿ ಅಂದಿದ್ದೆ. ಮುಂದಿನ ವಾರ ನೀನೇ ಇರಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಮನೆ ಬಿಟ್ಟವಳ ಹಾಗೆ ಹೋದೆ. ಅಂದಿನಿಂದ ಆ ಹಾಲು ಉಕ್ಕದಂತೆ ಕಾಯುವ ಕೆಲಸ ನನ್ನದು.

ಪ್ಲಾಸ್ಟರ್ ಅಚ್ಚುಗಳಿದ್ದಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ನೀನು ಅವನ್ನೆಲ್ಲ ಕಂಪ್ಯೂಟರಿಗೆ ಏರಿಸಿದ ಮೇಲೆ ಒಡೆದು, ಅವಿದ್ದ ಕೋಣೆ ಖಾಲಿ ಮಾಡಲು ಒಪ್ಪಿದವಳು ನಾನೇ, ಅದನ್ನು ನಿನ್ನ ತಲೆಗೆ ಕಟ್ಟುವುದಿಲ್ಲ. ನಿನ್ನ ಕೊರೆಯುವ ಯಂತ್ರ ಮಾಡಿಕೊಟ್ಟ ಅಚ್ಚನ್ನೂ ನನ್ನ ಹಳೆಯ ಅಚ್ಚನ್ನೂ ಕಣ್ಣುಮುಚ್ಚಿ ಮುಟ್ಟಿ ನೋಡಿದೆ, ಯಾವುದು ಯಾವುದೆಂದು ಹೇಳಲಾಗಲಿಲ್ಲ. ಹೊಸದು ಸೋರುವ ಮಾಳಿಗೆಯ ಕೆಳಗೆ ಬೂಷ್ಟು ಹಿಡಿಯುವುದಿಲ್ಲ ಎಂಬುದೊಂದೇ ವ್ಯತ್ಯಾಸ. ಹಾಗಾಗಿ ಒಪ್ಪಿದೆ.

ಆದರೆ ಆ ಕೊರೆಯುವ ಯಂತ್ರಕ್ಕೆ ಬೇಕಾದದ್ದನ್ನು ಪೆನ್‌ಡ್ರೈವಿಗೆ ತುಂಬಿ ಕೊಡುತ್ತಿದ್ದವಳು ನೀನು. ನೀನು ಹೋದಮೇಲೆ ಅದಕ್ಕೆ ಹಳೆಯ ಚಾದರ ಹೊದಿಸಿಟ್ಟಿದ್ದೇವೆ. ಕೊರೆದಿಟ್ಟಿದ್ದ ಅಚ್ಚುಗಳಲ್ಲೇ ಇಷ್ಟು ದಿನ ತಳ್ಳಿದೆವು. ನಿನ್ನೆ ಅಂಚೆಯವಳು ಬಂದಳು. ಅದೇ, ಎಡಗಾಲು ಒಳಕ್ಕೆ ತಿರುಗಿ ಬಲಗಾಲಿಗಿಂತ ಕುಳ್ಳಗಿರುವವಳು. ಎಡಗಾಲಿನ ಬೂಟು ಬಾಯಿಬಿಟ್ಟಿದೆ, ಒಳಗೆ ರಟ್ಟು ತುರುಕಿಕೊಂಡು ಟಪಾಲು ಹಂಚುತ್ತಿದ್ದಾಳೆ. ರಟ್ಟಿಗೆ ಅವಳ ಹಿಮ್ಮಡಿಯ ರಕ್ತ ಅಂಟಿತ್ತು. ಅವಳು ನಗುತ್ತಲೇ, ಅಮ್ಮಾ ಈ ಸಲ ಬೇಗ ಮಾಡ್ಕೊಡಿ, ಬೀದಿ ನನಗೋಸ್ಕರ ಒಂದು ಕಡೆ ತಗ್ಗಲ್ಲ ಅಂದಳು. ಅವಳ ಅಚ್ಚು ಕೊರೆದದ್ದು ಇಲ್ಲ. ಪೆಟ್ಟಿಗೆಯೊಳಗಿದೆ.

ಕಾಲು ಇನ್ನೊಮ್ಮೆ ಅಳೆಯಬಹುದಲ್ಲ ಎಂದು ಅನ್ನಬೇಡ. ಅಳೆದರೆ ಸಿಗುವುದು ಬರೀ ಕಾಲು. ಯಾವ ಗಂಟಿನ ಪಕ್ಕ ಕೂದಲೆಳೆಯಷ್ಟು ಬಿಡಬೇಕು, ಕಿರುಬೆರಳ ಕೆಳಗೆ ಎಷ್ಟು ಎತ್ತರಿಸಿದರೆ ಅವಳ ಸೊಂಟ ನೋಯುವುದಿಲ್ಲ ಎನ್ನುವುದು ಕಾಲಿನಲ್ಲಿರುವುದಿಲ್ಲ. ಅದು ವರ್ಷ ವರ್ಷ ಅವಳು ನಡೆದು ಬಂದು ಇಲ್ಲಿ ಒತ್ತುತ್ತೆ ಅಂದಾಗ ನಾನು ಅಚ್ಚಿಗೆ ಮೆತ್ತಿದ್ದು, ಹೆರೆದದ್ದು. ಅದೆಲ್ಲವನ್ನೂ ಮತ್ತೆ ಮಾಡಲು ಈಗ ನನ್ನ ಕೈ ಸ್ವಲ್ಪ ನಿಧಾನ. ಚಳಿ ನೋಡು.

ಇನ್ನು ನಾವು ಪಟ್ಟ ಪಾಡು ಕೇಳು. ಕೇಳಿ ನಗಬೇಡ.

ಮೊದಲು ನಿನ್ನ ಗಂಡ ಕೂತ. ಚೆನ್ನಾಗಿ ಹೊಲಿದ ದಿನ ಅವನು ನನ್ನ ಮಗ, ಇಂಥ ದಿನಗಳಲ್ಲಿ ನಿನ್ನ ಗಂಡ. ಈ ಕಾಗದದ ತುಂಬ ಅವನು ನಿನ್ನ ಗಂಡನೇ. ಕಂಪ್ಯೂಟರಿನ ಮೂಲೆಮೂಲೆ ಹುಡುಕಿದ. ಹಳೆಯ ಮದುವೆಯ ಫೋಟೋ ಸಿಕ್ಕಿತು, ಯಾವುದೋ ಬಸ್ಸಿನ ಟಿಕೆಟ್ ಸಿಕ್ಕಿತು, ಒಂದೂ ಕಾಲು ಸಿಗಲಿಲ್ಲ. ಪರದೆಯ ಮೇಲೆ ಪ್ರೋಗ್ರಾಮು ತೆಗೆದರೆ ಎಲ್ಲರ ಕಾಲೂ ಬೆಳ್ಳಗೆ ತಿರುಗುತ್ತಾ ನಿಂತಿವೆ. ಕಣ್ಣಿಗೆ ಕಾಣುತ್ತವೆ, ಕೈಗೆ ಸಿಗುವುದಿಲ್ಲ. ಬೇಕಾದ್ರೆ ಫೋಟೋ ಹೊಡ್ಕೊಳ್ಳೋಣ ಅಮ್ಮಾ ಅಂದ. ಫೋಟೋ ನೋಡಿ ಬೂಟು ಹೊಲಿಯುವ ಮನೆತನವಾಗಿದ್ದರೆ ನಾವು ಇಷ್ಟು ಕಾಲ ಉಳಿಯುತ್ತಿರಲಿಲ್ಲ ಅಂದೆ.

ಆಮೇಲೆ ರಿಪೇರಿಯವನನ್ನು ಕರೆಸಿದೆ. ಹೊಲಿಗೆಯವರು ಅವನಿಗೆ ಆಫ್-ಆನ್ ಎಂದು ಹೆಸರಿಟ್ಟಿರುವುದು ಸುಳ್ಳಲ್ಲ. ಕುರ್ಚಿಯ ಮೇಲೆ ಸರಿಯಾಗಿ ಕೂರಲೂ ಇಲ್ಲ, ಒಂದ್ಸಲ ಆಫ್ ಮಾಡಿ ಆನ್ ಮಾಡಿಬಿಡೋಣ ಅಮ್ಮಾ, ಎಲ್ಲ ಸರಿಹೋಗುತ್ತೆ ಅಂತ ಬಟನ್ನಿನ ಕಡೆ ಕೈ ನೀಡಿದ. ಅಡಿಕೋಲಿನಿಂದ ಆ ಕೈಗೊಂದು ಬಿಟ್ಟೆ. ಅವನು ಹೊರಟ ಮೇಲೆ ಹೊಲಿಗೆಯವರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಯಾಕೆ ನಕ್ಕರೆಂದು ನನಗೆ ಗೊತ್ತು. ಕಂಡಕಂಡ ಬಟನ್ನು ಆರಿಸುತ್ತಿದ್ದವಳೇ ಈಗ ಬಟನ್ನಿಗೆ ಕಾವಲು. ನಗಲಿ. ಆಳಿಲ್ಲದ ಕೋಣೆಯಲ್ಲಿ ದೀಪ ಉರಿಯುವುದನ್ನು ನೋಡಿಕೊಂಡು ಸುಮ್ಮನಿರುವ ಬುದ್ಧಿ ನನಗೆ ಯಾರೂ ಕಲಿಸಲಿಲ್ಲ, ನಾನು ಕಲಿಯಲೂ ಇಲ್ಲ. ನೀನು ಅರ್ಧ ದಿನ ಓಡಿಸಿದ್ದ ಕೆಲಸವನ್ನು ನಾನು ಪ್ಲಗ್ ಕಿತ್ತು ನಿಲ್ಲಿಸಿದ್ದು ಆ ಬುದ್ಧಿಯಿಂದಲೇ. ಅದಕ್ಕೆ ನೀನು ಬಾಯಲ್ಲಿ ಹೇಳಬಹುದಿತ್ತು. ಅದು ಬಿಟ್ಟು ಕಂಪ್ಯೂಟರಿಗೆ ಚೀಟಿ ಅಂಟಿಸಿದೆ. ‘ಯಾರೂ ಮುಟ್ಟಬಾರದು, ಅತ್ತೆಯೂ ಸೇರಿ.’

ಅತ್ತೆಯೂ ಸೇರಿ! ನನ್ನ ಕಾರ್ಖಾನೆಯಲ್ಲಿ, ನನ್ನ ಆಳುಗಳ ಕಣ್ಣೆದುರು, ಕೆಂಪು ಶಾಯಿಯಲ್ಲಿ. ನನಗೆ ಬೋರ್ಡು ಹಾಕುವವಳು ನನ್ನ ಮನೆಯಲ್ಲಿ ಉಣ್ಣಬೇಕಾಗಿಲ್ಲ ಅಂದೆ. ಅಂದದ್ದು ನಿಜ. ನೀನೂ ಒಂದು ಮಾತು ಆಡದೆ ಹೊರಟೆ. ಜಗಳವಾಡಿದ್ದರೆ ನಾನು ಅಲ್ಲಿಗೇ ಬಿಡುತ್ತಿದ್ದೆನೋ ಏನೋ. ಮಾತಾಡದೆ ಹೋಗುವವರ ಜೊತೆ ಹೇಗೆ ರಾಜಿಯಾಗುವುದೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಚೀಟಿಯ ಮೇಲರ್ಧ ನಾನು ಹರಿದೆ. ಕೆಳಗರ್ಧ ಗೋಂದು ಗಟ್ಟಿಯಾಗಿ ಹಿಡಿದು ಹಾಗೇ ಉಳಿದಿತ್ತು. ಅದರಲ್ಲಿ ‘ಒಳಗೆ ಹೋಗಲು’ ಎಂದು ಬರೆದು ಒಂದು ಸಾಲು ಇಂಗ್ಲಿಷ್ ಇದೆ. ಅದನ್ನೇ ಹಿಡಿದುಕೊಂಡು ನಾವು ಒಳಗೆ ಹೋದೆವು. ನಿನ್ನ ಗಂಡ ಒಂದೊಂದೇ ಅಕ್ಷರ ಒತ್ತಿದ, ನಾನು ಹಿಂದೆ ನಿಂತು ಓದಿ ಹೇಳಿದೆ. ಹೈಸ್ಕೂಲಿನ ಇಂಗ್ಲಿಷ್ ಸತ್ತಿಲ್ಲ. ಸಾಲಿನ ಮೊದಲಿನ ಗುರುತು ಬದಲಾಯಿತು. ಒಳಗೆ ಬಂದ್ವಿ ಅಮ್ಮಾ ಅಂತ ಪಿಸುಗುಟ್ಟಿದ, ಯಾರದೋ ಮನೆಗೆ ಕನ್ನ ಹಾಕಿದವನ ಹಾಗೆ. ಪಟ್ಟಿ ತೆಗೆದರೆ ಎಲ್ಲ ಇವೆ. ಅಂಚೆಯವಳು, ಗಡಿಯಾರದವರು, ಅವಳಿಜವಳಿಯ ಚಿಕ್ಕದು, ಎಲ್ಲರೂ. ನನಗೆ ಜೀವ ಬಂತು. ಸರಿ, ಹೊರಗೆ ಡೆಸ್ಕ್‌ಟಾಪಿಗೆ ನಕಲು ಮಾಡು ಅಂದೆ. ಮಾಡಿದ. ಆ ಜಾಗವೇ ಇಲ್ಲ ಅಂತಿದೆ ಅಮ್ಮಾ ಅಂದ. ಇಲ್ಲದಿದ್ದರೆ ಮಾಡೋ ಅಂದೆ. ನಮ್ಮ ಕಸುಬಿನಲ್ಲಿ ಇಲ್ಲದ್ದನ್ನು ಮಾಡಿಕೊಂಡೇ ಅಲ್ಲವೇ ಬಂದದ್ದು? ಆ ಹೆಸರಿನ ಜಾಗ ಮಾಡಿದ. ಆಮೇಲೆ ನಕಲು ಸರಾಗವಾಗಿ ಆಯಿತು, ಕಂಪ್ಯೂಟರ್ ಚಕಾರ ಎತ್ತಲಿಲ್ಲ. ಎಲ್ಲರಿಗೂ ಚಹಾ ತರಿಸಿದೆ. ಮೀಸೆಗೆ ಎರಡು ಲೋಟ.

ಚಹಾ ಕುಡಿದು ನೋಡಿದರೆ ಡೆಸ್ಕ್‌ಟಾಪ್ ಖಾಲಿ.

ಮತ್ತೆ ಮಾಡಿದೆವು, ಮತ್ತೆ ಖಾಲಿ. ನಿನ್ನ ಗಂಡ ಕಂಪ್ಯೂಟರ್ ಸುಳ್ಳು ಹೇಳುತ್ತಿದೆ ಅಂದ. ಕಂಪ್ಯೂಟರಿಗೆ ಸುಳ್ಳು ಹೇಳಿ ಆಗಬೇಕಾದ್ದೇನು? ಎಲ್ಲೋ ಹೋಗಿವೆ, ಎಲ್ಲಿ ಎಂದು ಮಾತ್ರ ತಿಳಿಯುತ್ತಿಲ್ಲ. ನನಗೆ ಸಿಟ್ಟು ನೆತ್ತಿಗೇರಿ ಕುರ್ಚಿಯನ್ನು ಒದ್ದೆ. ಹೊಲಿದ ಬೂಟು ಹಾಕಿಕೊಂಡಿದ್ದೆ, ಬೆರಳು ಉಳಿಯಿತು.

ಇಷ್ಟಾದ ಮೇಲೆ ನಿನ್ನ ಗಂಡ ಚರ್ಮದ ಉಗ್ರಾಣಕ್ಕೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ. ಆ ಬಾಗಿಲು ಕಿರುಗುಟ್ಟುತ್ತದೆ, ಅದನ್ನು ಮರೆತಿದ್ದ. ನಿನಗೆ ಫೋನ್ ಮಾಡಿದ. ನೀನು ಅಂದದ್ದನ್ನೂ ನಾನು ಅವನ ಬಾಯಿಂದ ಕಕ್ಕಿಸಿದೆ. ಅತ್ತೆ ಕೇಳಲಿ, ಹೇಳ್ತೀನಿ ಅಂದೆಯಂತೆ.

ಅತ್ತೆ ಕೇಳಲಿ! ಮುನ್ನೂರು ಕಾಲುಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಕೊಂಡು ಹೋದವಳು ನೀನು, ಕೈಯೊಡ್ಡಬೇಕಾದವಳು ನಾನು. ನಾನು ಈ ಮನೆಗೆ ಬಂದಾಗಿನಿಂದ ಇಲ್ಲಿನ ಒಂದೊಂದು ಬಾಗಿಲಿನ ಬೀಗದ ಕೈಯೂ ನನ್ನ ಸೊಂಟದಲ್ಲಿದೆ. ಹೊರಗೆ ನಿಂತು ಒಳಗಿನವರನ್ನು ಕೇಳುವ ಪ್ರಸಂಗ ನನಗೆ ಬಂದಿಲ್ಲ.

ಆದ್ದರಿಂದ ನಾನು ಕೇಳುತ್ತಿಲ್ಲ. ಪರಿಸ್ಥಿತಿ ಹೀಗಿದೆ ಎಂದು ತಿಳಿಸುತ್ತಿದ್ದೇನೆ. ತಿಳಿದ ಮೇಲೆ ಏನು ಮಾಡುವುದು ನಿನ್ನ ಮರ್ಯಾದೆಗೆ ಬಿಟ್ಟದ್ದು.

ಇಂತು,
ಇನ್ನೂ ನಿನ್ನ ಅತ್ತೆಯೇ

ಮೇಲೆ ಒಂದು ಮಾತು: ಮೀಸೆ ನೀನು ಉತ್ತರ ಬರೆದುಕೊಡುವವರೆಗೂ ಅಲ್ಲೇ ಕೂರುತ್ತಾನೆ, ಎಬ್ಬಿಸಿದರೂ ಏಳುವುದಿಲ್ಲ. ಹಸಿದಿರುತ್ತಾನೆ, ಏನಾದರೂ ಹಾಕು. ನೀನೂ ತಿನ್ನು. ಸಣಕಲಾಗಿದ್ದೀಯ ಎಂದು ನಿನ್ನ ಗಂಡ ಅಂದ. ನಾನು ಕೇಳಿರಲಿಲ್ಲ, ಅವನಾಗಿ ಅಂದ.

*

ಮಂಗಳವಾರ, ಮಧ್ಯಾಹ್ನ
ಆಸ್ಪತ್ರೆಯ ಕ್ಯಾಂಟೀನು

ಅತ್ತೆಯವರಿಗೆ ನಮಸ್ಕಾರ.

ಕೆಲಸದ ನಡುವೆ ಬಿಡುವು ಮಾಡಿಕೊಂಡು ನಿಮ್ಮ ಕಾಗದ ಎರಡು ಸಲ ಓದಿದೆ. ಎಲ್ಲೂ ನೀವು ಕೇಳಿಲ್ಲ, ಸರಿಯಾಗಿಯೇ ಬರೆದಿದ್ದೀರಿ. ಆದರೂ ಹೇಳುತ್ತೇನೆ. ಅಂಚೆಯವಳ ಕಾಲು ನಮ್ಮಿಬ್ಬರ ಜಗಳಕ್ಕೆ ಬಂದಿರಲಿಲ್ಲ. ನಾನು ಆ ಪೆಟ್ಟಿಗೆಯನ್ನು ಸರಿಯಾಗಿ ಕಟ್ಟದೆ ಹೋದದ್ದು ತಪ್ಪು. ಅಷ್ಟು ದಿನ ಅದು ನಿಲ್ಲದೆ ಓಡಿತೆಂದರೆ ನೀವು ಕಾದಿದ್ದೀರಿ ಎಂದು ಅರ್ಥ. ನನಗೆ ಆಶ್ಚರ್ಯವಾಯಿತು.

ನಿಮ್ಮ ನಕಲುಗಳು ಎಲ್ಲಿಗೆ ಹೋದವು ಎಂದರೆ, ಎಲ್ಲಿಗೂ ಹೋಗಿಲ್ಲ. ನೀವಿಬ್ಬರೂ ಪೆಟ್ಟಿಗೆಯ ಒಳಗೆ ಕೂತಿದ್ದಿರಿ. ಅಲ್ಲಿಂದ ಹೊರಗಿನ ಡೆಸ್ಕ್‌ಟಾಪ್ ಕಾಣುವುದಿಲ್ಲ. ಹಾಗಾಗಿ ಅದು ಇಲ್ಲ ಅಂತು. ನೀವು ಒಳಗೇ ಆ ಹೆಸರಿನ ಇನ್ನೊಂದು ಕೋಣೆ ಕಟ್ಟಿಸಿ, ಸಾಮಾನನ್ನೆಲ್ಲ ಆ ಕೋಣೆಗೆ ಸಾಗಿಸಿದಿರಿ. ಇಷ್ಟು ವರ್ಷದಲ್ಲಿ ಈ ತಪ್ಪನ್ನು ಇಷ್ಟು ಅಚ್ಚುಕಟ್ಟಾಗಿ ಮಾಡಿದವರನ್ನು ನಾನು ನೋಡಿಲ್ಲ.

ಒಳಗೆ ಹೋಗಬೇಡಿ. ಅದನ್ನು ನಿಲ್ಲಿಸಲೂ ಬೇಡಿ, ಅದು ಓಡುತ್ತಲೇ ಇರಲಿ. ಹೊರಗೆ ನಿಂತು ಕೇಳಬೇಕು, ಅದು ಕೊಡುತ್ತದೆ. ಬೇರೆ ಚೀಟಿಯಲ್ಲಿ ಸಾಲು ಬರೆದಿದ್ದೇನೆ. ಮೊದಲು ಡಾಕರ್, ಅದು ಪೆಟ್ಟಿಗೆಗಳನ್ನು ನಡೆಸುವ ಪ್ರೋಗ್ರಾಮು; ಜಾಗ ಬಿಟ್ಟು ಸಿಪಿ, ಅಂದರೆ ನಕಲು; ಜಾಗ ಬಿಟ್ಟು ಪೆಟ್ಟಿಗೆಯ ಹೆಸರು. ಅದಕ್ಕೆ ಪಾದ ಎಂದು ಹೆಸರಿಟ್ಟಿದ್ದೇನೆ. ಹೆಸರಿಗೆ ಅಂಟಿಕೊಂಡು ಒಂದರ ಮೇಲೊಂದು ಎರಡು ಚುಕ್ಕೆ, ಚುಕ್ಕೆಗೆ ಅಂಟಿಕೊಂಡು ಒಳಗಿನ ಕಪಾಟಿನ ವಿಳಾಸ. ಅಲ್ಲಿ ಎಲ್ಲೂ ಜಾಗ ಬಿಡಬಾರದು. ಆಮೇಲೆ ಜಾಗ ಬಿಟ್ಟು ಹೊರಗೆ ಇಳಿಸಬೇಕಾದ ಜಾಗ. ಎಲ್ಲಿಂದ ಎನ್ನುವುದು ಮೊದಲು, ಎಲ್ಲಿಗೆ ಎನ್ನುವುದು ಆಮೇಲೆ. ತಿರುವುಮುರುವು ಮಾಡಿದರೆ ಹೊರಗಿನದನ್ನು ತೆಗೆದು ಒಳಗೆ ತುಂಬುತ್ತದೆ. ಅವರು ಬರೆದದ್ದನ್ನು ನೀವು ಓದದೆ ಒತ್ತಿಸಬೇಡಿ.

ಮೀಸೆ ಮಾವ ಎರಡು ಪ್ಲೇಟ್ ತಿಂದರು. ನಾನೂ ತಿಂದೆ.

ನಿಮ್ಮ ಸೊಸೆ

*

ಮಂಗಳವಾರ, ಸಂಜೆ
ಅದೇ ಮೇಜು

ಸೊಸೆಗೆ,

ಮೀಸೆಗೆ ಬಸ್ಸಿನಿಂದ ಇಳಿದು ನೀರು ಕುಡಿಯಲೂ ಬಿಡಲಿಲ್ಲ. ಚೀಟಿಯನ್ನು ಕಿತ್ತುಕೊಂಡು ಕೂತೆವು. ಅಚ್ಚುಕಟ್ಟಾಗಿ ತಪ್ಪು ಮಾಡಿದವರು ಎಂಬ ಬಿರುದಿಗೆ ಉತ್ತರ ಆಮೇಲೆ ಕೊಡುತ್ತೇನೆ.

ನೀನು ಬರೆದುಕೊಟ್ಟದ್ದು ಒಂದೇ ಸಾಲು. ಅದಕ್ಕೆ ಹಿಡಿದ ಹೊತ್ತಿನಲ್ಲಿ ಒಂದು ಜೋಡಿ ಬೂಟಿಗೆ ಸೋಲ್ ಕಟ್ಟಬಹುದಿತ್ತು. ಮೊದಲನೇ ಸಲ ಒತ್ತಿದರೆ ಡಾಕರ್ ಎನ್ನುವುದೇ ಸಿಗಲಿಲ್ಲ ಅಂತ ಬಂತು. ನಿನ್ನ ಗಂಡ, ಅವಳೇ ಹಾಕಿದ್ದು ಅವಳೇ ತೆಗೆದುಕೊಂಡು ಹೋಗಿರಬೇಕು ಅಂದ. ನಾನು ನಿನ್ನ ಕಾಗದ ಇನ್ನೊಮ್ಮೆ ಓದಿದೆ. ಒಳಗೆ ಹೋಗಬೇಡಿ ಎಂದು ಬರೆದಿದ್ದೀಯ. ನಾವು ಬೆಳಿಗ್ಗೆ ಒಳಗೆ ಹೋದವರು ಹೊರಗೆ ಬಂದಿದ್ದೇವೆಯೇ ಎಂದು ಅವನನ್ನು ಕೇಳಿದೆ. ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಊಟ ಮಾಡಿದ್ದೆವು, ಕೈ ತೊಳೆದಿದ್ದೆವು, ಇವತ್ತೂ ಬಂದ ಅಂಚೆಯವಳನ್ನು ಸಮಾಧಾನ ಮಾಡಿ ಕಳಿಸಿದ್ದೆವು, ಎಲ್ಲವನ್ನೂ ಪೆಟ್ಟಿಗೆಯೊಳಗೆ ಇದ್ದುಕೊಂಡೇ. ಎಕ್ಸಿಟ್ ಎಂದು ಒತ್ತಿ ಹೊರಗೆ ಬಂದೆವು. ಬಂದದ್ದಕ್ಕೆ ಗುರುತು ಬದಲಾಯಿತು.

ಎರಡನೇ ಸಲ, ಎರಡೇ ವಿಳಾಸ ಬೇಕು, ಹೆಚ್ಚಾಗಿದೆ ಎಂದು ಅದು ಗೊಣಗಿತು. ನೋಡಿದರೆ ಎರಡು ಚುಕ್ಕೆಯ ಆಮೇಲೆ ಜಾಗ ಬಿಟ್ಟಿದ್ದಾನೆ. ಅಂಟಿಸಿ ಬರೆಯೋ ಎಂದರೆ, ಅಂಟಿದೆಯಲ್ಲಮ್ಮ ಎನ್ನುತ್ತಾನೆ. ಹೊಲಿಗೆ ಒಂದು ನೂಲು ಜಾರಿದರೆ ಗುರುತಿಸುವವನಿಗೆ ಇದು ಕಾಣುವುದಿಲ್ಲ. ಮೂರನೇ ಸಲ ಒತ್ತುವ ಮೊದಲು ನಾನು ಕೈ ಹಿಡಿದೆ. ಗಾಬರಿಯಲ್ಲಿ ಎಲ್ಲಿಗೆ ಎನ್ನುವುದನ್ನು ಮೊದಲು ಬರೆದಿದ್ದ. ನೀನು ಎಚ್ಚರಿಸದೆ ಇದ್ದಿದ್ದರೆ ಖಾಲಿ ಡೆಸ್ಕ್‌ಟಾಪನ್ನು ಒಳಗೆ ಸುರಿಯುತ್ತಿದ್ದೆವು. ಅದರಿಂದ ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಆಮೇಲೆ ನಾನೇ ಕೂತು ಒತ್ತಿದೆ. ಒಂದೇ ಬೆರಳಿನಲ್ಲಿ, ನಿನ್ನ ಚೀಟಿಯನ್ನು ಮಂಡಿಯ ಮೇಲಿಟ್ಟುಕೊಂಡು.

ಬಂದವು. ಮೊದಲು ಏನೂ ಆಗಲಿಲ್ಲ ಅಂದುಕೊಂಡೆ. ಪರದೆ ಸುಮ್ಮನೆ ನಿಂತಿತ್ತು. ಪಕ್ಕದಲ್ಲಿ ಪೆಟ್ಟಿಗೆಯ ಪ್ರೋಗ್ರಾಮು ತನ್ನ ಪಾಡಿಗೆ ತಾನು ಓಡುತ್ತಿತ್ತು, ಕಾಲುಗಳು ಬೆಳ್ಳಗೆ ತಿರುಗುತ್ತಲೇ ಇದ್ದವು. ಅದಕ್ಕೆ ನೋವಾಗಲಿಲ್ಲ, ಅದರಿಂದ ಏನೂ ಕಡಿಮೆಯಾಗಲೂ ಇಲ್ಲ. ಡೆಸ್ಕ್‌ಟಾಪಿನಲ್ಲಿ ನೋಡಿದರೆ ಎಲ್ಲರೂ ಸಾಲಾಗಿ ಬಂದು ನಿಂತಿದ್ದರು. ಪೆನ್‌ಡ್ರೈವಿಗೆ ಹಾಕಿದೆವು, ಇನ್ನೊಂದಕ್ಕೂ ಹಾಕಿದೆವು, ನನ್ನ ಮಗನ ಲ್ಯಾಪ್‌ಟಾಪಿಗೂ ಹಾಕಿದೆವು. ಹೌದು, ಈಗ ಅವನು ನನ್ನ ಮಗ.

ನೋಡಿದ್ದನ್ನು ನಂಬುವವಳು ನಾನಲ್ಲ. ಕೊರೆಯುವ ಯಂತ್ರದ ಚಾದರ ತೆಗೆಸಿ, ಪೆನ್‌ಡ್ರೈವ್ ಚುಚ್ಚಿ, ಅಂಚೆಯವಳ ಎಡಗಾಲನ್ನು ಕೊರೆಯಲು ಹಾಕಿದೆ. ಹೊಲಿಗೆಯವರು ಮನೆಗೆ ಹೋಗುವ ಹೊತ್ತಾದರೂ ಹೋಗಲಿಲ್ಲ, ಸುತ್ತ ನಿಂತರು. ಅಚ್ಚು ಕೈಗೆ ಬಂತು. ಪುಡಿ ಊದಿ, ಕಣ್ಣು ಮುಚ್ಚಿ, ಕಿರುಬೆರಳ ಕೆಳಗೆ ನಾನು ಮೆತ್ತಿದ್ದ ಆ ಸಣ್ಣ ಉಬ್ಬು ಹುಡುಕಿದೆ. ಸಿಗಲಿಲ್ಲ.

ಅಚ್ಚನ್ನು ತಿರುಗಿಸಿ ಇನ್ನೊಮ್ಮೆ ಹುಡುಕಿದೆ. ಇಷ್ಟೆಲ್ಲ ಮಾಡಿ ತಪ್ಪು ಅಚ್ಚು ಬಂತೇ, ಅರ್ಧ ಬಂತೇ ಎಂದು. ಆಮೇಲೆ ಏಕೋ ತೋಚಿ ಅಚ್ಚನ್ನು ಕೆನ್ನೆಗೆ ಒತ್ತಿಕೊಂಡೆ. ಇತ್ತು. ಅಲ್ಲೇ ಇತ್ತು, ನಾನು ಇಟ್ಟಷ್ಟೇ. ಕೆನ್ನೆಗೆ ಸಿಕ್ಕಿದ್ದು ಬೆರಳಿಗೆ ಸಿಕ್ಕಿರಲಿಲ್ಲ. ಹೊಲಿಗೆಯವರು ಗೋಡೆಯ ಕಡೆ ನೋಡಿದರು. ಮೀಸೆ ಕೆಮ್ಮಿದ. ನನ್ನ ಮಗ ಮಾತ್ರ ನನ್ನನ್ನೇ ನೋಡುತ್ತಿದ್ದ. ಅವನಿಗೆ ಈಗ ಗೊತ್ತಾಯಿತು.

ಬೆಳಿಗ್ಗೆ ಚಳಿ ಎಂದು ಬರೆದಿದ್ದೆ. ಚಳಿಯಲ್ಲ. ಬೆರಳ ತುದಿಗಳು ಸತ್ತುಹೋಗಿವೆ. ದಬ್ಬಳ ಚುಚ್ಚಿದರೂ ರಕ್ತ ಕಂಡಮೇಲೆ ತಿಳಿಯುತ್ತದೆ. ವೈದ್ಯರು ವಾಪಸು ಬರುವುದಿಲ್ಲ ಅಂದಿದ್ದಾರೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನನ್ನ ಕೈಯಿಂದ ಕೆಲಸ ತೆಗೆದು ನನ್ನನ್ನು ಕಿಟಕಿಯ ಪಕ್ಕ ಕೂರಿಸುತ್ತಾರೆ, ನಾನು ಬೀದಿ ನೋಡಿಕೊಂಡು ಇರಬೇಕು.

ಈಗ ವಿಷಯಕ್ಕೆ ಬರುತ್ತೇನೆ. ನೀನು ಹೊರಗೆ ತೆಗೆಸಿಕೊಟ್ಟದ್ದು ನಾನು ಈವರೆಗೆ ಮಾಡಿದ್ದು. ಕಾಲು ಹಾಗೇ ಇರುವುದಿಲ್ಲ. ಅಂಚೆಯವಳ ಗಂಟು ಬರುವ ವರ್ಷಕ್ಕೆ ಇನ್ನೊಂಚೂರು ಸರಿಯುತ್ತದೆ. ಆಗ ಎಲ್ಲಿ ಮೆತ್ತಬೇಕು, ಎಷ್ಟು ಹೆರೆಯಬೇಕು ಎನ್ನುವುದು ಯಾವ ಪೆಟ್ಟಿಗೆಯಲ್ಲೂ ಇಲ್ಲ. ನನಗೆ ಗೊತ್ತಿದೆ, ನನ್ನ ಕೈಗೆ ಆಗುವುದಿಲ್ಲ. ನನ್ನ ಮಗನ ಕೈ ಚರ್ಮಕ್ಕೆ ಸರಿ, ಅಚ್ಚಿಗೆ ಒರಟು. ಅಚ್ಚು ಹಿಡಿಯುವಾಗ ನಿನ್ನ ಕೈ ನೋಡಿದ್ದೇನೆ. ನೋಡಿಯೂ ಹೇಳಿರಲಿಲ್ಲ. ಹೊಗಳಿದರೆ ಹುಡುಗಿಯರು ಕೆಡುತ್ತಾರೆ ಎಂದು ನಮಗೆ ಕಲಿಸಿದ್ದರು.

ಶನಿವಾರ ನಿನಗೆ ಅರ್ಧ ದಿನವೇ ಕೆಲಸವಂತೆ. ಮಧ್ಯಾಹ್ನ ಬರುತ್ತೀಯಾ? ನನ್ನ ಪಕ್ಕ ಕೂತರೆ ಸಾಕು. ನಾನು ಹೇಳುತ್ತಾ ಹೋಗುತ್ತೇನೆ, ನೀನು ಮೆತ್ತುತ್ತಾ ಹೋಗು. ತಪ್ಪಿದರೆ ಬೈಯುತ್ತೇನೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಗೆ ಬಾ ಎಂದು ನಾನು ಹೇಳುತ್ತಿಲ್ಲ. ಅದು ನಿನ್ನದೂ ನನ್ನ ಮಗನದೂ. ಕಾರ್ಖಾನೆಯವರೆಗೆ ಬಂದರೆ ಸಾಕು.

ನಾನು ಕೇಳಿಲ್ಲ ಎಂದು ಬರೆದಿದ್ದೆಯಲ್ಲ. ಈಗ ಕೇಳುತ್ತಿದ್ದೇನೆ, ಇನ್ನೊಮ್ಮೆ ಓದಿ ನೋಡಿಕೋ. ಹೊರಗೆ ನಿಂತು ಕೇಳಿ ನನಗೆ ಅಭ್ಯಾಸವಿಲ್ಲ. ಸಾಲಿನಲ್ಲಿ ಎಲ್ಲಾದರೂ ಜಾಗ ತಪ್ಪಿ ಬಿಟ್ಟಿದ್ದರೆ ನೀನೇ ಅಂಟಿಸಿಕೊಂಡು ಓದು.

ನಾಳೆ ಕರೆಂಟ್ ಹೋಗುವವರೆಗೂ ಪೆಟ್ಟಿಗೆ ಓಡಲಿ ಎಂದು ಬಿಟ್ಟಿದ್ದೇನೆ. ಕೆಲಸ ಮುಗಿಯಿತಲ್ಲ, ಆರಿಸಿಬಿಡಲಾ ಅಮ್ಮಾ ಅಂತ ನನ್ನ ಮಗ ಕೇಳಿದ. ಬೇಡ ಅಂದೆ. ಅಷ್ಟು ದಿನ ನಿಲ್ಲದೆ ದುಡಿದದ್ದು, ನಿಲ್ಲುವಾಗ ನಿಲ್ಲಲಿ.

ಇಂತು,
ಕೇಳಿದವಳು, ನಿನ್ನ ಅತ್ತೆ

ಮೇಲೆ ಒಂದು ಮಾತು: ಚೀಟಿಯ ಉಳಿದ ಅರ್ಧವನ್ನು ಇವತ್ತು ನೀರು ಹಚ್ಚಿ ಕೆರೆದು ತೆಗೆದೆ. ಹೊಸ ರಟ್ಟು ಕತ್ತರಿಸಿ, ಸೋಲಿಗೆ ಗುರುತು ಹಾಕುವ ಸೀಸದಿಂದ ನಾನೇ ಬರೆದು ಅದೇ ಜಾಗಕ್ಕೆ ಅಂಟಿಸಿದ್ದೇನೆ. ನಿನ್ನ ಮಾತೇ, ಒಂದು ಪದ ಮಾತ್ರ ಬದಲಿಸಿದೆ. ‘ಯಾರೂ ಮುಟ್ಟಬಾರದು, ನಾನೂ ಸೇರಿ.’ ಕೆಳಗೆ ಸಹಿ ಹಾಕಿದ್ದೇನೆ. ಹೊಲಿಗೆಯವರು ಓದಿದರು. ಈ ಸಲ ಯಾರೂ ನಗಲಿಲ್ಲ. ಅಕ್ಷರ ಸ್ವಲ್ಪ ಸೊಟ್ಟಗಿದೆ, ಬೆರಳಿಗೆ ಸೀಸ ಹಿಡಿದದ್ದು ತಿಳಿಯುತ್ತಿರಲಿಲ್ಲ. ಶನಿವಾರ ಬಂದಾಗ ನೋಡು.